ಅರ್ಧ ಸೈಜು ಕಮ್ಮಿ

ಇಪ್ಪತ್ತು ವರ್ಷದಿಂದ ಒಂದೇ ಅಂಗಡಿಯಲ್ಲಿ ಕಂಡವರ ಕಾಲಿಗೆಲ್ಲ ಶೂ ತೊಡಿಸುತ್ತಾ ಬಂದ ಅಕ್ಕ, ಗಿರಾಕಿಯೊಬ್ಬರ ಮುಂದೆ ಮೊಣಕಾಲೂರಿ ಕೂತಿದ್ದಾಗಲೇ ಫೋನು ಬಡಿದುಕೊಂಡಿತು. ಅದನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡಳು.

“ಹಲೋ... ಯಾರು ಮಾತಾಡ್ತಿರೋದು? ... ಓಹೋ, ನೀನಾ! ಯಾವುದೋ ಹೊಸ ನಂಬರು, ನನ್ನ ತಮ್ಮ ಅಂತ ಹೇಗೆ ಗೊತ್ತಾಗ್ಬೇಕು? ... ಹಾಂ, ಅಂಗಡೀಲೇ ಇದೀನಿ. ಹೇಳು.”

“... ಯಾವ ಶೂ? ... ಹಾಂ ಹಾಂ, ಆ ಹಳೇ ಬ್ಯಾಸ್ಕೆಟ್‌ಬಾಲ್ ಶೂ. ಬಿಳಿ ಮೈ, ಕೆಂಪು ಪಟ್ಟಿ. ಮತ್ತೆ ಬಂದಿದೆ ಕಣೋ, ನೀನು ಆಡ್ತಿದ್ದಾಗ ಇದ್ದ ಹಾಗೇ, ಅದೇ ಅಚ್ಚು. ... ಚಿಗರೆಗಾ?”

ಚಿಗರೆ ಎಂದರೆ ತಮ್ಮನ ಮಗಳು. ಮರುದಿನ ಬೆಳಿಗ್ಗೆ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಅವಳ ಆಯ್ಕೆ ಪಂದ್ಯ.

“... ಒಂದೇ ಜೊತೆ ಉಳಿದಿದೆ. ಅದೂ ಅವಳಿಗೆ ಅರ್ಧ ಸೈಜು ಕಮ್ಮಿ. ... ಇಲ್ಲ, ಕೊಡಲ್ಲ. ... ಕೊಡಲ್ಲ ಅಂದ್ರೆ ಕೊಡಲ್ಲ! ಬೂದು ಬಣ್ಣದ್ದು ಒಂದಿದೆ, ಒಳಗೆ ಹತ್ತಿ ಥರ ಮೆತ್ತಗೆ, ಅವಳ ಸೈಜೇ. ... ಮುದುಕರ ಶೂನಾ? ಅವಳು ಹೇಳಿದ್ದಾ, ನೀನು ಹೇಳಿದ್ದಾ? ... ಅದೇ ಅಂದ್ಕೊಂಡೆ. ನಿನ್ನ ಆಟಾನ ಅವಳ ಕಾಲಲ್ಲಿ ಮುಗಿಸ್ಬೇಕಾ?”

“... ನೋಡು, ನನ್ನ ಬಾಯಿ ಬಿಡಿಸ್ಬೇಡ. ಇದೇ ಶೂ ಬಿಗಿಯಾಗಿದ್ರೂ ಹಾಕ್ಕೊಂಡು ಆಡಿದ್ಯಲ್ಲ, ಫೈನಲ್ ದಿನ ಏನಾಯ್ತು? ಹೆಬ್ಬೆರಳಿನ ಉಗುರು ಕಿತ್ತು, ಕೀಲು ಊದಿ, ಅರ್ಧ ಆಟಕ್ಕೇ ಹೊತ್ಕೊಂಡು ಬಂದ್ರು. ಇವತ್ತಿಗೂ ಮೆಟ್ಟಿಲು ಹತ್ತೋವಾಗ ಆ ಕಾಲು ಎಳೀತೀಯ. ಯಾಕೆ? ಶೋಕಿ! ಎಲ್ರೂ ನೋಡ್ಲಿ ಅಂತ ಕೆಂಪು ಪಟ್ಟಿ! ... ಹೂಂ, ನಾನೇ ತೊಡಿಸಿದ್ದು, ಇಲ್ಲ ಅಂದ್ನಾ? ಕೆಲಸಕ್ಕೆ ಸೇರಿ ತಿಂಗಳೂ ಆಗಿರ್ಲಿಲ್ಲ. ಆದ್ರೆ ಕಚ್ಚುತ್ತೆ ಅಂತ ನೀನು ಬಾಯಿ ಬಿಟ್ಟು ಹೇಳ್ಬೇಕಿತ್ತು, ಅಲ್ವಾ? ... ಅಲ್ವಾ?”

“... ಒಂದ್ನಿಮಿಷ ಇರು, ಗಿರಾಕಿ... ಹೇಳಿ ಸರ್. ತುದೀಲಿ ಸ್ವಲ್ಪ ಬಿಗಿ ಅನ್ಸುತ್ತಾ? ಏನೂ ಆಗಲ್ಲ ಸರ್, ಚರ್ಮ ಅಲ್ವಾ, ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ. ನಿಮ್ಮ ಕಾಲಿಗೇ ಮಾಡಿಸಿದ ಹಾಗಿದೆ! ... ಹಾಂ, ಹೇಳೋ.”

“... ಹಲೋ? ... ಇದೀಯಾ?”

“... ಏನು? ... ನಾನಾ? ... ಈಗ ಇವರಿಗೆ ಹೇಳಿದ ಇದೇ ಮಾತಾ? ... ಅವತ್ತು ನಿನಗೂ? ... ಇಲ್ಲ ಕಣೋ, ಅದು... ಅದು ಅಂಗಡಿ ಮಾತು, ಎಲ್ರಿಗೂ ಹೇಳ್ತೀವಿ... ಹಾಗಾದ್ರೆ ಹೇಳಿದ್ಯಾ ನೀನು, ಕಚ್ಚುತ್ತೆ ಅಂತ? ... ಎರಡು ಸಲ?”

“... ಮತ್ತೆ ಇಷ್ಟು ವರ್ಷ ಯಾಕೋ ಸುಮ್ನಿದ್ದೆ? ಮನೇಲಿ, ನೆಂಟರ ಮುಂದೆ, ಶೋಕಿಲಾಲ ಶೋಕಿಲಾಲ ಅಂತ ನಾನು ಆಡ್ಕೋತಿದ್ದಾಗ್ಲೂ? ... ಹೂಂ. ... ಹೂಂ.”

“... ಸರಿ, ಆ ಬೂದು ಬಣ್ಣದ್ದು ಎತ್ತಿಡ್ತೀನಿ. ಸಂಜೆ ಚಿಗರೇನ ಕರ್ಕೊಂಡು ಬಾ. ಕೂರಿಸಿ ಅಲ್ಲ, ನಿಲ್ಲಿಸಿ ಅಳೀತೀನಿ, ನಾನೇ ಕೈಯಾರೆ... ಏನಂದೆ? ... ಬೇರೆ ಅಂಗಡೀಲಾ? ... ಲೋ, ನಾನು ಅವಳ ಅತ್ತೆ ಕಣೋ... ಹಲೋ... ಹಲೋ...”

ಲೈನು ಕಟ್ಟಾಗಿತ್ತು. ಅವಳ ಹೆಬ್ಬೆರಳು ಗಿರಾಕಿಯ ಶೂ ತುದಿಯ ಮೇಲೇ ಇತ್ತು. ಒತ್ತಿ ನೋಡಿದಳು. ಒಳಗೆ ಎಳ್ಳುಕಾಳಿನಷ್ಟೂ ಜಾಗವಿರಲಿಲ್ಲ.