ದುರಗಪ್ಪನ ಮೇಲಿನ ತೀರ್ಪು

ಸುರಪುರದ ಬಸ್ ನಿಲ್ದಾಣದ ಕಲ್ಲುಬೆಂಚು ಆ ಬಿಸಿಲಿಗೆ ತಾನೇ ಬೆವರುತ್ತಿತ್ತು, ಸುಳ್ಳಲ್ಲ. ಅದರ ಮೇಲೆ ಕೂತಿದ್ದ ಅಮೃತಮ್ಮ ಆಗಷ್ಟೇ ಕೋರ್ಟಿನಲ್ಲಿ ಸೋತು ಬಂದಿದ್ದಳು. ಎದುರಿಗೆ ದೇವಾಪುರದ ದುರಗಪ್ಪ.

“ಅಣ್ಣಾ, ಇವತ್ತು ಜಡ್ಜ್ ಸಾಹೇಬ್ರು ನಿನ್ನ ಹೆಸರು ಓದಿದ್ರು.”

“ನಂದಾ? ನಾ ಏನ್ ಮಾಡೀನಿ ತಂಗಿ?”

“ನೀ ಹಿಂದಕ ಹೈಕೋರ್ಟಿನ್ಯಾಗ ಸೋತಿದ್ದಿಯಲ್ಲ, ಆ ತೀರ್ಪು. ಗೌಡ್ರ ಹೊಲ ಹಾದು ಕಾಲುವಿ ನೀರು ತಗೊಳ್ಳೋ ಹಕ್ಕು ನನಗೂ ಇಲ್ಲಂತ.”

“ನನ್ನ ಕೇಸ್ ಬ್ಯಾರೆ, ನಿಂದು ಬ್ಯಾರೆ!”

“ಎರಡೂ ಒಂದೇ ಅಂದ್ರು. ಕೇಳಿ ತಗೊಂಡ ನೀರು ಎಷ್ಟು ವರ್ಷಾದ್ರೂ ಹಕ್ಕಾಗಂಗಿಲ್ಲಂತ. ನೀ ಕಟಕಟ್ಯಾಗ ನಿಂತು ಏನಂದಿದ್ದಿ?”

“ಮ್ಯಾಲಿನ ಹೊಲದವ್ರು ದೊಡ್ಡ ಮನಸು ಮಾಡಿ ಬಿಟ್ಟಾರ ಅಂದೆ. ಎದುರಿಗೇ ಕುಂತಿದ್ರು, ಮರ್ಯಾದಿಗೆ ಮತ್ತೇನನ್ಲಿ?”

“ನಾನೂ ಹಂಗ. ವರ್ಷಾ ನೀರು ಬಿಡೋ ಮುಂದ ಗೌಡ್ರಿಗೆ ಕಾಯಿ, ಎಲಿ ಅಡಕಿ ಕೊಟ್ಟು ಕೇಳ್ತೀವಿ ಅಂದೆ.”

“ಅದು ಪದ್ಧತಿ ಅಲ್ಲೇನು?”

“ಕಾಯಿ ಕೊಟ್ಟದ್ದಕ್ಕ ಸೋತೆ. ನೆಲ್ಲು ತೆನಿ ಹಾಕಾಕತ್ತದ, ನಾಳಿಂದ ನೀರು ಬಂದ್.”

“ಮ್ಯಾಲಿನ ಕೋರ್ಟಿಗೆ ಹೋಗು.”

“ಅಲ್ಲೂ ನನಗಿಂತ ಮುಂದ ನೀನ ಕುಂತಿರ್ತಿ, ಅಣ್ಣಾ.”

ಹುಣಸಗಿ ಬಸ್ಸು ಬಂತು. ಕೇಸು ಗೆದ್ದ ಗೌಡರೂ ಅದಕ್ಕೇ ಬಂದರು. ಬಾಗಿಲಲ್ಲಿ ಕಾಲಿಟ್ಟಿದ್ದ ದುರಗಪ್ಪ ಹಿಂದೆ ಸರಿದ.

“ಮೊದ್ಲ ನೀವು ಹತ್ರಿ, ಗೌಡ್ರ.”

“ಸುಮ್ನ ಹತ್ತೋ ಅಣ್ಣಾ, ಇದನ್ನೂ ಎಲ್ಲ್ಯಾರ ಬರಕೊಂತಾರ,” ಅಂದಳು ಅಮೃತಮ್ಮ.

ಅಂದವಳೇ ಸೆರಗು ಸರಿಮಾಡಿಕೊಂಡು, ಗೌಡರಿಗೆ ದಾರಿ ಬಿಟ್ಟು ನಿಂತಳು.