ಮೇಲಿನ ಮನೆ ಬೀಗದ ಕೈ

...ಅಯ್ಯೋ, ಬೀಗದ ಕೈ ಟೇಬಲ್ ಮೇಲೆ ಯಾಕಿಟ್ಟೆ ಪುಟ್ಟಿ? ಕೈಯಲ್ಲೇ ಇರಲಿ. ಮೇಲಿನ ಮನೆ ನನ್ನ ತಂಗಿಗೇ ಅಂತ ಓನರ್‌ಗೆ ಸಂಜೆ ಒಳಗೆ ಹೇಳಿಬಿಡೋಣ. ಮಾರ್ಕೆಟ್ ಹಿಂದಿನ ಆ ಒಂದೇ ಕೋಣೇಲಿ ಎಷ್ಟು ದಿನ ಉಸಿರು ಕಟ್ಕೊಂಡಿರ್ತೀಯ? ಇಲ್ಲಿಗೆ ಬಂದ್ರೆ ನಿನ್ನ ಪಾಪುನ ನನ್ನ ಹತ್ರ ಬಿಟ್ಟು ಆರಾಮಾಗಿ ಕೆಲಸಕ್ಕೆ ಹೋಗಬಹುದು.

ಯಾಕೆ ನಗ್ತೀಯ? ನಿಮ್ಮ ಭಾವ ಟ್ಯಾಕ್ಸಿ ಓಡಿಸೋರು, ಈ ಪರದೇಶದ ಊರಿನ ಸಂದಿಗೊಂದಿ ಎಲ್ಲಾ ಬಾಯಿಪಾಠ. ಸ್ಟೇಡಿಯಂ ಹಿಂದೆ ಬೇಡ, ಸೇತುವೆ ಆಚೆ ಬೇಡ, ನಮ್ಮ ಮೈಬಣ್ಣದೋರನ್ನ ಕಂಡ್ರೆ ಅಲ್ಲಿ ಬಾಟಲಿ ಎಸೀತಾರೆ ಅಂತಾರೆ. ಮಾರ್ಕೆಟ್ ಹತ್ರ ನಮ್ಮೋರೇ ತುಂಬಿದಾರೆ, ಯಾರೂ ತಂಟೆಗೆ ಬರಲ್ಲ. ಹೊಸದಾಗಿ, ಒಂಟಿಯಾಗಿ ಹೋದ ಕಡೇನೇ ಕಾಟ ಅಂತೆ...

ಈ ಬೀದೀಲಾ? ಇಲ್ಲಿ ನಾವಿದ್ದೀವಲ್ಲ. ನಮ್ಮೋರು ಇನ್ಯಾರು ಅಂದ್ರೆ... ನೀನು ಬಂದ್ರೆ ಎರಡು ಮನೆ ಆಗುತ್ತೆ.

ಬಾಗಿಲನ್ನ ಯಾಕೆ ಹಾಗೆ ನೋಡ್ತೀಯ? ಹೊಸ ಬಣ್ಣ, ಅಷ್ಟೇ. ನಿಮ್ಮ ಭಾವನಿಗೆ ಬಣ್ಣ ಬಳಿಯೋ ಹುಚ್ಚು, ಮತ್ತೆ ಮತ್ತೆ ಬಳೀತಾರೆ. ಬಾಗಿಲಲ್ಲಿ ಅಂಚೆಯವನು ಕಾಗದ ಹಾಕೋ ಕಂಡಿಗೆ ತಗಡು ಹೊಡೆದಿರೋದು ಚಳಿಗಾಳಿ ಬರುತ್ತೆ ಅಂತ. ಬಕೆಟ್ ನೀರಾ? ನೆಲ ಒರೆಸೋಕೆ ಕಣೇ. ಯಾವಾಗಲೂ ಬಾಗಿಲ ಹತ್ರಾನೇ ಇರುತ್ತೆ, ಇರಲಿ ಬಿಡು. ಒಂದೊಂದಕ್ಕೂ ಉತ್ತರ ಕೊಟ್ಕೊಂಡು ಹೆಗಲು ಮುಟ್ಟಿ ನೋಡ್ಕೊಳ್ಳೋಕೆ ನಾನೇನು ಕುಂಬಳಕಾಯಿ ಕಳ್ಳಿನಾ?

ಆ ಮ್ಯಾಟ್ ಎತ್ತಬೇಡ. ಬೇಡ ಅಂದೆ...

ನೋಡಿದ್ಯಲ್ಲ, ಆಯ್ತಲ್ಲ. ಇಸ್ತ್ರಿಪೆಟ್ಟಿಗೆ ಬಿದ್ದು ನೆಲ ಸುಟ್ಟಿದ್ದು. ಬಾಗಿಲ ಹತ್ರ ಯಾರಕ್ಕಾ ಇಸ್ತ್ರಿ ಮಾಡ್ತಾರೆ ಅಂತ ಕೇಳು. ಬೈಯಿ, ಬೇಕಾದ್ರೆ ಹೊಡಿ.

ಪಾಪುನ ಯಾಕೆ ಹಾಗೆ ಅವಚಿಕೊಂಡೆ?



ಇಲ್ಲಿಂದ ಹೋಗೋಣ ಅಂದ್ರೆ ನಮಗೆ ಇನ್ನೊಂದು ಮನೆ ಯಾರೂ ಕೊಡ್ತಿಲ್ಲ. ಹುಡುಕಿ ಹುಡುಕಿ ಸಾಕಾಯ್ತು. ಭಾವ ಗಾಡಿ ತಗೊಂಡು ಹೋದ ಮೇಲೆ, ಮತ್ತೆ ಏನು ಒಳಗೆ ಎಸೀತಾರೋ ಅಂತ ಆ ಕಂಡಿ ನೋಡ್ಕೊಂಡು ಕೂತಿರ್ತೀನಿ. ಎರಡು ಮನೆ ಆದ್ರೆ ಆ ಪುಂಡರು ಹಿಂಜರೀತಾರೇನೋ ಅಂದ್ಕೊಂಡೆ... ಸುಳ್ಳು ಯಾಕೆ, ಪಾಪು ಇರೋ ಮನೆಗಾದ್ರೂ ಬೆಂಕಿ ಹಾಕಲ್ಲ ಅಂದ್ಕೊಂಡೆ.

ಅಳಬೇಡ. ಬೀಗದ ಕೈ ಅಲ್ಲೇ ಇರಲಿ, ಬೆಳಕಿರುವಾಗಲೇ ಹೊರಡು. ಸೇತುವೆ ದಾರಿ ಹಿಡೀಬೇಡ. ಮಾರ್ಕೆಟ್ ಹಿಂದಿನ ಆ ಕೋಣೆ ಖಾಲಿ ಮಾಡಬೇಡ ಪುಟ್ಟಿ.