ಧಮ್ಮಪಾಲನ ನಲವತ್ತು ಸೆಕೆಂಡು

ಲೈಟು ಇರಲಿ ಬಿಡಿ, ಆರಿಸಬೇಡಿ. ಕತ್ತಲಲ್ಲೇ ದೆವ್ವದ ಕತೆ ಚೆನ್ನ ಅನ್ನುವವರು ದೆವ್ವದ ಹತ್ತಿರ ಹೋದವರಲ್ಲ. ಇದು ನಮ್ಮ ಪಕ್ಕದ ಮನೆಯ ಆಮ್ರಪಾಲಿ ಟೀಚರಿಗೆ ಆದದ್ದು. ಹೋದ ವರ್ಷ, ದೀಪಾವಳಿ ಮುಗಿದ ಮೇಲೆ.

ಅವತ್ತು ಅವಳು ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಬಂದು, ಅಲ್ಲಿಂದ ನಮ್ಮೂರು ಮಂಠಾಳದ ಕೊನೆಯ ಬಸ್ಸು ಹಿಡಿದಳು. ಇಳಿದಾಗ ಒಂಬತ್ತೂವರೆ. ಬಸ್ ಸ್ಟ್ಯಾಂಡಿನಿಂದ ನಮ್ಮ ಓಣಿಗೆ ಬರಬೇಕಾದರೆ ಹಳೆಯ ಬಾವಿ ದಾಟಬೇಕು. ಬೀದಿ ದೀಪ ಅಲ್ಲಿಗೆ ಬರುವಷ್ಟರಲ್ಲಿ ಮುಗಿದಿರುತ್ತದೆ. ಅವಳ ಹೆಗಲಲ್ಲಿ ಒಂದು ಬಟ್ಟೆ ಚೀಲ. ಚೀಲದಲ್ಲಿ ಸತ್ತ ಗಂಡನ ಕ್ಲಾರ್ನೆಟ್.

ಗಂಡ ಧಮ್ಮಪಾಲ ಮದುವೆ ಬ್ಯಾಂಡಿನಲ್ಲಿ ಊದುತ್ತಿದ್ದವನು. ಆಮ್ರಪಾಲಿ ತನ್ನ ಶಾಲೆಯ ಮಕ್ಕಳನ್ನು ಕೂಡಿಸಿಕೊಂಡು ಮೊಬೈಲಿನಲ್ಲೇ ಒಂದು ಸಿನಿಮಾ ತೆಗೆದಿದ್ದಳು. ಕಳೆದುಹೋದ ಆಡಿನ ಮರಿಯನ್ನು ಒಬ್ಬ ಹುಡುಗಿ ಬಸವಕಲ್ಯಾಣದ ಕೋಟೆ ತುಂಬ ಹುಡುಕುತ್ತಾಳೆ, ಅಷ್ಟೇ ಕತೆ. ನಮ್ಮ ಊರು ಬಿಟ್ಟರೆ ಯಾರಿಗೂ ಗೊತ್ತಿಲ್ಲದ ಸಿನಿಮಾ. ಅದಕ್ಕೆ ಧಮ್ಮಪಾಲ ಜಾಝ್ ಸಂಗೀತ ಕೂಡಿಸಿದ. ಮೊಬೈಲಿನಲ್ಲಿ ಕೇಳಿ ಕೇಳಿ ಅದರ ಹುಚ್ಚು ಹಿಡಿಸಿಕೊಂಡಿದ್ದ. ಬ್ಯಾಂಡ್ ಮಾಸ್ಟರ್ ಲಾಲಪ್ಪ ಕಾಕಾ ಕೇಳಿ ಮುಖ ಸಿಂಡರಿಸಿದ್ದರು.

"ಇದೇನೋ ಧಮ್ಮಾ, ತಾಳ ಕುಡದವ್ರಂಗ ವಾಲ್ಯಾಡಾಕತ್ತದ?"

"ಸಣ್ಣ ಮಕ್ಕಳು ಎಂದಾದ್ರೂ ನೆಟ್ಟಗ ನಡದಾರೇನ್ರಿ ಕಾಕಾ?" ಅಂದಿದ್ದ ಅವನು.

ಎಲ್ಲ ತುಣುಕುಗಳೂ ಹುಮನಾಬಾದಿನಲ್ಲಿ, ಅವನ ತಮ್ಮ ಅಜೀತನ ಚಿಕ್ಕ ಸ್ಟುಡಿಯೋದಲ್ಲಿ ರೆಕಾರ್ಡ್ ಆದವು. ಕೊನೆಯ ತುಣುಕಿನಲ್ಲಿ ಮಾತ್ರ, ಮರಿ ಸಿಗುವ ಜಾಗದಲ್ಲಿ, ನಲವತ್ತು ಸೆಕೆಂಡು ಧಮ್ಮಪಾಲ ಬರೀ ತಾಳ ಇಟ್ಟಿದ್ದ. ಅಲ್ಲಿ ಅವನೊಬ್ಬನೇ ಊದಬೇಕು.

"ಅದನ್ನ ಬರದಿಡಾಕ ಬರಂಗಿಲ್ಲ. ನಾಳಿ ಬಂದು ಏನ್ ಹೊಳೀತದೋ ಅದನ್ನ ಊದ್ತೀನಿ" ಅಂದು ಬೈಕ್ ಹತ್ತಿದ. ಹೈವೇಯಲ್ಲಿ ಲಾರಿ ಬಡಿಯಿತು.

ಮೂರು ತಿಂಗಳಾಯಿತು. ಆಮ್ರಪಾಲಿ ಅಳಲಿಲ್ಲ. ಮಣ್ಣು ಮಾಡಿದ ದಿನವೂ ಇಲ್ಲ. ಅತ್ತೆ ಕಾಂತಾಬಾಯಿ ಎದೆ ಬಡಿದುಕೊಂಡು ಅಳುತ್ತಿದ್ದರೆ ಇವಳು ಬಂದವರಿಗೆ ಚಹಾ ಸೋಸುತ್ತಿದ್ದಳು. ಕಲ್ಲು ಮನಸ್ಸಿನವಳು ಅಂತ ಓಣಿಯಲ್ಲಿ ಆಡಿಕೊಂಡರು. ನಾನೂ ಆಡಿದ್ದೇನೆ, ಸುಳ್ಳು ಯಾಕೆ ಹೇಳಲಿ. ಅವಳಿಗೆ ಏನೂ ಅನಿಸುತ್ತಿರಲಿಲ್ಲ, ಅಷ್ಟೇ. ಪಲ್ಯದಲ್ಲಿ ಉಪ್ಪು ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ.

ಅವತ್ತು ಅಜೀತ, ಸ್ಟುಡಿಯೋದಲ್ಲೇ ಉಳಿದಿದ್ದ ಕ್ಲಾರ್ನೆಟ್ಟನ್ನು ಅತ್ತಿಗೆಯ ಕೈಗೆ ಕೊಟ್ಟು ಹೇಳಿದ್ದ: "ವೈನಿ, ರವಿವಾರ ಸಾಲ್ಯಾಗ ಸಿನಿಮಾ ತೋರಸ್ಬೇಕು. ಆ ಜಾಗಾ ಖಾಲಿ ಬಿಡಾಕ ಆಗಂಗಿಲ್ಲ. ನಾನು ಕೀಬೋರ್ಡಿನ್ಯಾಗ ಕ್ಲಾರ್ನೆಟ್ ಸೌಂಡ್ ಹಾಕಿ ತುಂಬಸ್ತೀನಿ."

"ತುಂಬಸು" ಅಂದಳು. ಬಸ್ಸಿನಲ್ಲಿ ಕೂತ ಮೇಲೆ ತಿಳಿಯಿತು, ಗಂಡನಿಗೆ ಅಂತ ಲೋಕದಲ್ಲಿ ಉಳಿದಿದ್ದ ಜಾಗ ಅದೊಂದೇ. ಅದನ್ನೂ ಕೊಟ್ಟುಬಂದಿದ್ದಳು. ಆದರೂ ಕಣ್ಣು ಒಣಗಿಯೇ ಇತ್ತು.

ಬಾವಿಯ ಹತ್ತಿರ ಬಂದಾಗ... ಟಕ್.

ಚಪ್ಪಲಿ ಸದ್ದು ಅಂದುಕೊಂಡಳು. ನಡೆದಳು. ಟಕ್... ಟಿಕ್ ಟಕ್... ನಿಂತಳು. ಸದ್ದು ನಿಲ್ಲಲಿಲ್ಲ. ಕಪ್ಪೆಯಲ್ಲ. ಬಾವಿಯ ನೀರು ಸೇದುವ ಗಡಗಡಿಯೂ ಅಲ್ಲ, ಅದನ್ನು ಯಾರೋ ಬಿಚ್ಚಿಕೊಂಡು ಹೋಗಿ ಎಷ್ಟೋ ವರ್ಷವಾಯಿತು. ಚೀಲದ ಒಳಗಿಂದ... ಕ್ಲಾರ್ನೆಟ್ಟಿನ ತೂತುಗಳ ಮೇಲೆ ಮುಚ್ಚಳಗಳು ಬಿದ್ದು ಏಳುವ ಸದ್ದು. ರಾತ್ರಿ ಅವ್ವನ ನಿದ್ದೆ ಕೆಡಬಾರದು ಅಂತ ಧಮ್ಮಪಾಲ ಊದದೆ ಬರೀ ಬೆರಳಾಡಿಸಿ ರಿಯಾಜ್ ಮಾಡುತ್ತಿದ್ದ. ಪಕ್ಕದಲ್ಲಿ ಮಲಗಿ ಎಂಟು ವರ್ಷ ಅವಳು ಕೇಳಿದ ಸದ್ದು.

ನೀವಾದರೆ ಚೀಲ ಬಿಸಾಡಿ ಓಡುತ್ತಿದ್ದಿರಿ. ನಾನಂತೂ ಚಪ್ಪಲಿಯನ್ನೂ ಬಿಟ್ಟು ಓಡುತ್ತಿದ್ದೆ. ಅವಳಿಗೆ ಹೆದರಿಕೆ ಕೂಡ ಆಗಲಿಲ್ಲ. ಬಾವಿ ಕಟ್ಟೆಯ ಮೇಲೆ ಕೂತು ಚೀಲ ಬಿಚ್ಚಿದಳು.

"ನೀವೇನ್ರಿ?"

ಸದ್ದು ನಿಂತಿತು.

"ಹ್ಞೂಂ."

ತೀರಾ ಸಣ್ಣ ದನಿ. ಕ್ಲಾರ್ನೆಟ್ಟಿನ ಕೆಳಗಿನ ಬಾಯಿಂದ ಬಂತಂತೆ.

"ಊದ್ರಿ ಮತ್ತ. ರವಿವಾರಕ್ಕ ಬೇಕಾಗ್ಯದ."

ಮುಚ್ಚಳವೊಂದು ಅರ್ಧ ಎದ್ದು ಬಿತ್ತು. ಆಮೇಲೆ...

"ಉಸರಿಲ್ಲ, ಆಮ್ರಪಾಲಿ."

"ನಂದು ಅದ. ತಗೊಳ್ರಿ."

ಮೊಬೈಲಿನಲ್ಲಿ ರೆಕಾರ್ಡ್ ಒತ್ತಿ ಕಟ್ಟೆಯ ಮೇಲಿಟ್ಟಳು. ಕ್ಲಾರ್ನೆಟ್ಟಿನ ಕೆಳಗಿನ ಬಾಯನ್ನು ಮೊಣಕಾಲ ನಡುವೆ ಊರಿ, ಎರಡೂ ಕೈಯಿಂದ ಅದರ ಬುಡ ಹಿಡಿದು, ಮೇಲಿನ ತುದಿಯನ್ನು ತುಟಿಗಿಟ್ಟಳು. ಜಾತ್ರೆಯ ಪೀಪಿ ಕೂಡ ಊದಿದವಳಲ್ಲ. ಮೊದಲು ಬರೀ ಫುಸ್... ಮತ್ತೆ ಕೀಂಯ್... ಆಮೇಲೆ ದನಿ ಹಿಡಿಯಿತು. ಅವಳ ಕೈಗಳು ಬುಡದಲ್ಲೇ ಇದ್ದವು. ಮೇಲೆ ಮುಚ್ಚಳಗಳು ತಾವೇ ಬಿದ್ದವು, ತಾವೇ ಎದ್ದವು. ಉಸಿರು ಅವಳದು, ಬೆರಳು ಅವನವು. ಅವಳ ಉಸಿರು ಮುಗಿದಾಗ ಅವನು ಕಾಯುತ್ತಿದ್ದ. ಎಳೆದುಕೊಂಡ ಮೇಲೆ ಮುಂದುವರಿಯುತ್ತಿದ್ದ. ದನಿ ಆಡಿನ ಮರಿಯ ಹಾಗೆ ಜಿಗಿಯಿತು, ವಾಲಿತು, ಇಳಿಯಿತು... ನಿಂತಿತು.

"ಇನ್ನೊಮ್ಮಿ?" ಅಂದಳು.

ಮುಚ್ಚಳಗಳು ಮತ್ತೆ ಅಲುಗಲಿಲ್ಲ.

ನಾನು ಬಾಗಿಲು ಹಾಕುವ ಹೊತ್ತಿಗೆ ಅವಳು ಬಂದಳು. ಹತ್ತೂವರೆ ಆಗಿತ್ತು. ಕೆಳತುಟಿ ಊದಿಕೊಂಡಿತ್ತು. ಯಾಕ ತಡ ಅಂದೆ. ಬಾವಿ ಕಟ್ಟಿ ಮ್ಯಾಲ ಕುಂತಿದ್ನಿ ಅಂದಳು, ಸಂತೆಗೆ ಹೋಗಿ ಬಂದವರು ಹೇಳುವ ಹಾಗೆ.

ಮರುದಿನ ಅಜೀತನಿಗೆ ರೆಕಾರ್ಡಿಂಗ್ ಕಳಿಸಿದಳು. ಮಧ್ಯಾಹ್ನ ಅವನ ಫೋನ್.

"ವೈನಿ, ಇದು ಅಣ್ಣಂದು. ಯಾವಾಗಿಂದು?"

"ಹಳೇದಲ್ಲ."

"ತಾಳದ ಟ್ರ್ಯಾಕಿನ ಮ್ಯಾಲ ಇಟ್ಟು ನೋಡ್ದೆ. ಕೂದಲದಷ್ಟೂ ಹಿಂದ ಮುಂದ ಇಲ್ಲ. ತಾಳ ಕಿವ್ಯಾಗ ಇಲ್ದ ಹಿಂಗ ಹ್ಯಾಂಗ ಊದಾಕ ಬರ್ತದರಿ?"

"ಹಾಕು ಅಜೀತ. ಏನೂ ತಿದ್ದಬ್ಯಾಡ."

ರವಿವಾರ ಶಾಲೆಯ ಕಿಟಕಿಗಳಿಗೆ ಚಾದರ ಕಟ್ಟಿ ಸಿನಿಮಾ ತೋರಿಸಿದರು. ನಾವೆಲ್ಲ ಹೋಗಿದ್ದೆವು. ಕೋಟೆಯ ಗೋಡೆಯ ಮೇಲೆ ಮರಿ ಕಾಣಿಸಿತು. ಕ್ಲಾರ್ನೆಟ್ ಶುರುವಾಯಿತು. ಮಕ್ಕಳು ಹೋ ಅಂತ ನಕ್ಕರು. ದನಿ ವಾಲಿದಾಗಲೆಲ್ಲ ಅವರೂ ವಾಲಿ ವಾಲಿ ನಕ್ಕರು. ಹಿಂದಿನ ಬೆಂಚಿನಲ್ಲಿದ್ದ ಆಮ್ರಪಾಲಿಗೆ ಆಗ ಅಳು ಬಂತು. ಮೂರು ತಿಂಗಳಿನದು ಒಮ್ಮೆಲೇ. ನಾನೇ ನೀರು ಕುಡಿಸಿದೆ.

ಮುಗಿದ ಮೇಲೆ ಲಾಲಪ್ಪ ಕಾಕಾ ಸಮಾಧಾನ ಹೇಳಲು ಬಂದು ಅವಳ ಕೈ ಹಿಡಿದುಕೊಂಡರು. ಬಲಗೈ ಹೆಬ್ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಯಾವಾಗಿಂದ ಊದಾಕತ್ತಿ, ಬೇಟಿ?"

"ಇಲ್ರಿ ಕಾಕಾ. ನನಗ ಅದನ್ನ ಹಿಡಿಯಾಕ ಸುದ್ದಾ ಬರಂಗಿಲ್ಲ."

ಕಾಕಾ ತಮ್ಮ ಹೆಬ್ಬೆರಳನ್ನು ಅದರ ಪಕ್ಕ ಇಟ್ಟರು. ಕ್ಲಾರ್ನೆಟ್ಟಿನ ಭಾರ ನಿಲ್ಲುವುದು ಬಲ ಹೆಬ್ಬೆರಳಿನ ಮೇಲಂತೆ. ಹತ್ತು ಹದಿನೈದು ವರ್ಷ ಹೊತ್ತರೆ ಅಲ್ಲಿ ಗಂಟು ಏಳುತ್ತದಂತೆ. ಇಬ್ಬರ ಹೆಬ್ಬೆರಳಲ್ಲೂ ಒಂದೇ ಜಾಗದಲ್ಲಿ ಗಂಟು.

ಸುಳ್ಳು ಅನ್ನುವವರು ನಾಳೆ ಬಂದು ನೋಡಲಿ. ನಿನ್ನೆ ಸಂಜೆ ಜೋಳದ ಹಿಟ್ಟು ಕೊಡಲು ಬಂದಿದ್ದಳು, ನಾನು ಮುಟ್ಟಿ ನೋಡಿದೆ... ಹಳೆಯ ಗಂಟು. ಒಣಗಿ ಗಟ್ಟಿಯಾಗಿದೆ.